ಶಾಲ್ಮಲೆಯ ಸೀಮೆಯಲ್ಲೊಂದು ಮನೆಯ ಪಾಠಶಾಲೆ

ಘಟ್ಟದ ಮೇಲಣ ಊರುಗಳಲ್ಲಿ ಶಿರಸಿಯದು ಬೇರೆಯೇ ಆದ ಒಂದು ಪ್ರಪಂಚ. ಬಯಲುಸೀಮೆಯಿಂದ ಹೊರಟವನು ಸಾಗರವನ್ನೂ ಸಿದ್ದಾಪುರವನ್ನೂ ದಾಟಿ ಬರುತ್ತಿದ್ದಂತೆ ನೆಲದ ರೂಪವೇ ಮಾರ್ಪಡುವುದನ್ನು ಕಾಣುತ್ತಾನೆ. ಬಯಲೆಂಬುದು ಇಲ್ಲ, ಒಂದು ಗುಡ್ಡ, ಅದರ ಬುಡದಲ್ಲಿ ಒಂದು ಕಣಿವೆ, ಕಣಿವೆಯ ತುಂಬ ಅಡಿಕೆಯ ಮರಗಳು, ಮತ್ತೊಂದು ಗುಡ್ಡ, ಮತ್ತೊಂದು ಕಣಿವೆ. ತೋಟಕ್ಕೆ ಸೇರಿದ ಗುಡ್ಡದ ಕಾಡನ್ನು ಇಲ್ಲಿಯವರು ‘ಸೊಪ್ಪಿನ ಬೆಟ್ಟ’ವೆನ್ನುತ್ತಾರೆ. ಅಲ್ಲಿಯ ಹಸುರು ಸೊಪ್ಪನ್ನೂ ಉದುರಿದ ದರಕನ್ನೂ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ತೋಟಕ್ಕೆ ಹಾಕುವುದು ತಲೆತಲಾಂತರದಿಂದ ನಡೆದುಬಂದ ಕ್ರಮ. ಊರೆಂದರೆ ನಮ್ಮ ಮೈಸೂರಿನ ಕಡೆಯ ಹಾಗೆ ಬೀದಿಗಳುಳ್ಳ ಊರಲ್ಲ. ತೋಟದ ಅಂಚಿಗೆ ಒಂದು ಮನೆ, ಗಟ್ಟಿಯಾಗಿ ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆ. ಇಂತಹ ಐದಾರು ಮನೆಗಳು ಕೂಡಿದರೆ ಅದಕ್ಕೊಂದು ಹೆಸರು. ಮಳೆಗಾಲದಲ್ಲಿ ಈ ಮನೆಗೂ ಆ ಮನೆಗೂ ನಡುವೆ ಹಳ್ಳಗಳು ಏಳುತ್ತವೆ. ದಾಟುವುದಕ್ಕೆ ಮರದ ಕಾಲುಸಂಕವೇ ಗತಿ.

ನೆಲದ ಆಕಾರವನ್ನು ಮೊದಲು ಹೇಳಿದುದಕ್ಕೆ ಕಾರಣವುಂಟು. ನಾನು ವರ್ಣಿಸಹೊರಟಿರುವ ಪಾಠಶಾಲೆ ಹುಟ್ಟಿದುದು ಈ ದೂರಗಳಿಂದಲೇ.

ನನ್ನ ಹಳೆಯ ಶಿಷ್ಯನೊಬ್ಬನು ಈ ಸೀಮೆಯವನು. ಬಾಲ್ಯದಲ್ಲಿ ಮೈಸೂರಿನ ಸೋದರಮಾವನ ಮನೆಯಲ್ಲಿದ್ದುಕೊಂಡು ನನ್ನಲ್ಲಿ ಸಂಸ್ಕೃತವನ್ನು ಕಲಿತನು. ಮುಂದೆ ಬೆಂಗಳೂರಿನಲ್ಲಿ ಕಂಪ್ಯೂಟರಿನ ಉದ್ಯೋಗ ಹಿಡಿದನು. 2020ನೆಯ ಇಸವಿಯ ಮಹಾಮಾರಿಯ ಕಾಲದಲ್ಲಿ ನಗರಗಳನ್ನು ಬಿಟ್ಟು ಹುಟ್ಟಿದೂರನ್ನು ಸೇರಿದವರು ಎಷ್ಟೋ ಮಂದಿ, ಅವರಲ್ಲಿ ಬಹುಮಂದಿ ರೋಗ ಇಳಿದ ಮೇಲೆ ಹಿಂದಿರುಗಿದರು, ಇವನು ಹಿಂದಿರುಗಲಿಲ್ಲ. ತಂದೆಯ ತೋಟವನ್ನು ನೋಡಿಕೊಂಡು ಅಲ್ಲಿಯೇ ನಿಂತನು. ‘ಮೇಷ್ಟ್ರೇ, ನಿವೃತ್ತರಾದಿರಲ್ಲ, ಇನ್ನಾದರೂ ಬನ್ನಿ. ತಮಗೆ ತೋರಿಸಬೇಕಾದ ಒಂದು ಶಾಲೆ ನಮ್ಮ ಮನೆಯಲ್ಲಿದೆ. ಅದನ್ನು ನಡೆಸುವುದೋ ಮುಚ್ಚುವುದೋ ತಾವು ಹೇಳಬೇಕು’ ಎಂದು ಬರೆದಿದ್ದನು. 2025ನೆಯ ಜನವರಿಯಲ್ಲಿ ಹೊರಟು ಹತ್ತು ದಿನ ಅಲ್ಲಿದ್ದೆನು.

ಶಾಲೆಯ ವಿದ್ಯಾರ್ಥಿಗಳು ಇಬ್ಬರು. ಹಿರಿಯವಳು ಏಳು ವರ್ಷದ ಹುಡುಗಿ, ಕಿರಿಯವನು ಎರಡೂವರೆ ವರ್ಷದ ಹುಡುಗ. ಈ ಕಡೆಯ ಹವ್ಯಕರ ಮಾತಿನಲ್ಲಿ ಹುಡುಗಿಗೆ ‘ಕೂಸು’ ಎಂದೂ ಹುಡುಗನಿಗೆ ‘ಮಾಣಿ’ ಎಂದೂ ಹೆಸರು. ನಮ್ಮ ಕಡೆ ಮಾಣಿ ಎಂದು ಕೂಗಿದರೆ ಹೋಟಲಿನಲ್ಲಿ ಕಾಫಿ ತರುವವನು ಬಂದು ನಿಲ್ಲುತ್ತಾನೆ. ಇಲ್ಲಿಯೋ ಮನೆಮನೆಯ ಮುದ್ದಿನ ಮಗನೇ ಮಾಣಿ. ಮಕ್ಕಳ ನಿಜನಾಮಗಳನ್ನು ಅಚ್ಚಿಗೆ ಹಾಕುವುದು ಉಚಿತವಲ್ಲವಾದುದರಿಂದ ನಾನೂ ಅವರನ್ನು ಹಾಗೆಯೇ ಕರೆಯುತ್ತೇನೆ. ಪಾಠ ಹೇಳುವಾಕೆ ತಾಯಿ. ಆಕೆ ಕುಮಟೆಯ ಕಡೆಯವಳು, ಉಪಾಧ್ಯಾಯರ ತರಬೇತಿಯನ್ನು ಪಡೆದು ಮದುವೆಗೆ ಮೊದಲು ಎರಡು ವರ್ಷ ಶಾಲೆಯಲ್ಲಿ ಕೆಲಸಮಾಡಿದವಳು. ನಾನು ಆಕೆಗೆ ಮೇಷ್ಟ್ರಲ್ಲ, ಆ ಸೀಮೆಯ ಪದ್ಧತಿಯಂತೆ ‘ಮಾಸ್ತರು’. ಬಂದವನು ಜಗಲಿಯನ್ನು ಏರುವ ಮೊದಲೇ ‘ಆಸರಿಗೆ ಏನು ಕೊಡಲಿ, ಮಾಸ್ತರೇ?’ ಎಂದು ಕೇಳಿದಳು. ದಾರಿ ನಡೆದು ಬಂದವನ ಬಾಯಾರಿಕೆಯನ್ನು ಮೊದಲು ವಿಚಾರಿಸುವುದು ಇಲ್ಲಿಯ ಸಂಪ್ರದಾಯ. ಅಪ್ಪೆಹುಳಿಯನ್ನು ಕುಡಿದು ಕುಳಿತ ಮೇಲೆ ಮಿಕ್ಕ ಮಾತು.

ಮನೆಯಲ್ಲಿ ಪಾಠ ಮೊದಲಾದುದು ಯಾವ ಸಿದ್ಧಾಂತದಿಂದಲೂ ಅಲ್ಲ. ಊರಿನ ಸರಕಾರೀ ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ ಎರಡು ಕಿಲೋಮೀಟರು. ನಡುವೆ ಎರಡು ಕಾಲುಸಂಕ. ಪೇಟೆಯ ಖಾಸಗಿ ಶಾಲೆಗೆ ಕಳುಹಿಸಬೇಕಾದರೆ ಬೆಳಗ್ಗೆ ಏಳಕ್ಕೆ ಮಗುವನ್ನು ವಾಹನ ಹತ್ತಿಸಬೇಕು, ಅದು ಊರೂರು ಸುತ್ತಿಕೊಂಡು ಹೋಗಬೇಕು. ಕೂಸಿಗೆ ಆರು ವರ್ಷವಾಗುವ ಹೊತ್ತಿಗೆ ಮಾಣಿ ಒಂದೂವರೆ ವರ್ಷದವನು. ತಾಯಿಗೆ ಅವನನ್ನು ಎತ್ತಿಕೊಂಡು ದಿನಕ್ಕೆರಡು ಬಾರಿ ಹಳ್ಳ ದಾಟುವುದು ಆಗದ ಕೆಲಸ. ತಂದೆಗೋ ತೋಟದ ಕೆಲಸ. ‘ಈ ಮಳೆಗಾಲವೊಂದು ಕಳೆಯಲಿ’ ಎಂದು ಮೊದಲಾದ ಮನೆಪಾಠ ಎರಡನೆಯ ಮಳೆಗಾಲವನ್ನೂ ದಾಟಿತ್ತು.

ಅಲ್ಲಿಯ ದಿನಚರಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಮನೆಯಲ್ಲಿ ಎರಡು ಮಕ್ಕಳುಳ್ಳ ವಾಚಕರಿಗೆ ಇದರಿಂದ ಪ್ರಯೋಜನವಾದೀತು.

ಬೆಳಗಿನ ತೆಳ್ಳೇವಿನ ಉಪಾಹಾರ ಮುಗಿದು, ಗಂಟೆ ಎಂಟಾಗುತ್ತಲೂ ಜಗಲಿಯ ಮೇಲೆ ಎರಡು ಚಾಪೆಗಳನ್ನು ಹಾಸುತ್ತಾರೆ. ಹಿರಿಯವಳ ಪಾಠ ಮೊದಲು ನಡೆಯುವುದೆಂದು ನಾನು ಊಹಿಸಿದ್ದೆ. ಹಾಗಲ್ಲ. ಮೊದಲಿನ ಕಾಲು ಗಂಟೆ ಪೂರ್ತಿಯಾಗಿ ಮಾಣಿಯದು. ತಾಯಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಚಿತ್ರದ ಪುಸ್ತಕವನ್ನು ತಿರುವಿಹಾಕುವಳು, ಒಂದು ಹಾಡು ಹೇಳುವಳು, ಅವನು ತೋರಿಸಿದುದಕ್ಕೆಲ್ಲ ಹೆಸರು ಹೇಳುವಳು. ಕೂಸು ಆಗ ಸುಮ್ಮನೆ ಹಿಂದಿನ ದಿನದ ಬರೆಹವನ್ನು ನೋಡಿಕೊಳ್ಳುತ್ತಿರುವಳು. ಕಾಲು ಗಂಟೆಯಾದ ಮೇಲೆ ಮಾಣಿ ತಾನಾಗಿಯೇ ತೊಡೆಯಿಂದ ಇಳಿದು ತನ್ನ ಚಾಪೆಗೆ ಹೋಗುತ್ತಾನೆ. ‘ಮೊದಮೊದಲು ಇವನ ಕೈಗೆ ಆಟದ ಸಾಮಾನು ಕೊಟ್ಟು ಅವಳನ್ನು ಪಾಠಕ್ಕೆ ಕೂರಿಸುತ್ತಿದ್ದೆ, ಮಾಸ್ತರೇ. ಐದು ನಿಮಿಷಕ್ಕೊಮ್ಮೆ ಬಂದು ಪೆನ್ಸಿಲು ಕಿತ್ತುಕೊಳ್ಳುತ್ತಿದ್ದ, ಪುಸ್ತಕ ಹರಿಯುತ್ತಿದ್ದ. ಆಟದ ಸಾಮಾನು ಅವನಿಗೆ ಬೇಕಿರಲಿಲ್ಲ, ನಾನು ಬೇಕಾಗಿದ್ದೆ. ಅವನ ಪಾಲನ್ನು ಮೊದಲು ಕೊಟ್ಟುಬಿಟ್ಟರೆ ಮುಕ್ಕಾಲು ಗಂಟೆ ಅವಳಿಗೆ ಸಿಗುತ್ತದೆ’ ಎಂದು ಆಕೆ ಹೇಳಿದಳು. 30 ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ ನಾನು ಕೇಳಿದ ಬೋಧನಕ್ರಮದ ಉಪನ್ಯಾಸಗಳಲ್ಲಿ ಇಷ್ಟು ಉಪಯುಕ್ತವಾದ ಮಾತು ಬಹಳ ಇಲ್ಲ.

ಮಾಣಿಯ ಚಾಪೆಯ ಮೇಲೆ ಇರುವ ಸಾಮಗ್ರಿ ಬಹು ಸರಳ: ಒಂದು ಸ್ಲೇಟು, ಒಂದು ಬಳಪ, ಒಂದು ಮೊರ, ಸುಲಿಯದ ಗೋಟಡಿಕೆ ಒಂದು ಬುಟ್ಟಿ. ಸುಲಿದ ಅಡಿಕೆಯನ್ನು ಕೊಡುವಂತಿಲ್ಲ. ಮಗುವಿನ ಬಾಯಿಯೊಳಗೆ ಹೋಗುವ ಯಾವ ವಸ್ತುವೂ ಆ ಚಾಪೆಯ ಮೇಲೆ ಬರಕೂಡದೆಂಬುದು ತಾಯಿಯ ಕಟ್ಟುನಿಟ್ಟು. ಅವನು ಗೋಟುಗಳನ್ನು ಬುಟ್ಟಿಯಿಂದ ಮೊರಕ್ಕೆ, ಮೊರದಿಂದ ಬುಟ್ಟಿಗೆ ಸಾಗಿಸುತ್ತಿರುವನು, ಸಾಲಾಗಿ ಇಡುವನು, ಉರುಳಿಹೋದುದನ್ನು ಹುಡುಕಿಕೊಂಡು ಕಂಬದ ಹಿಂದೆ ಹೋಗುವನು. ನೋಡಿದರೆ ಪಾಠಕ್ಕೂ ಅವನಿಗೂ ಸಂಬಂಧವೇ ಇಲ್ಲ. ಆದರೆ ಮೂರನೆಯ ದಿನ ಕೂಸು ಕಾಗುಣಿತವನ್ನು ಹೇಳುತ್ತ ‘ಕ ಕಾ ಕಿ ಕೀ’ ಎಂದು ನಿಲ್ಲಿಸಿ ನೀರು ಕುಡಿಯಹೋದಾಗ ಕಂಬದ ಹಿಂದಿನಿಂದ ‘ಕು ಕೂ’ ಎಂಬ ಧ್ವನಿ ಬಂದಿತು. ಅಕ್ಷರವೊಂದನ್ನೂ ಅರಿಯದವನು ಅಕ್ಷರಗಳ ಅನುಕ್ರಮವನ್ನು ಅರಿತಿದ್ದನು! ಮಗ್ಗಿಯ ವಿಷಯದಲ್ಲಿಯೂ ಹೀಗೆಯೇ. ಎರಡರ ಮಗ್ಗಿಯ ರಾಗ ಅವನಿಗೆ ಬರುತ್ತದೆ, ಸಂಖ್ಯೆಗಳು ಬರುವುದಿಲ್ಲ. ಕೊನೆಗೆ ಬರುವ ‘ಇಪ್ಪತ್ತು’ ಮಾತ್ರ ಗಟ್ಟಿಯಾಗಿ ಬರುತ್ತದೆ.

ಸಂಸ್ಕೃತದಲ್ಲಿ ಶಿಷ್ಯನಿಗೆ ‘ಅಂತೇವಾಸಿ’ ಎಂದು ಹೆಸರು. ಸಮೀಪದಲ್ಲಿ ವಾಸಿಸುವವನು ಎಂದರ್ಥ. ಉಪನಯನವೆಂಬ ಮಾತಿನಲ್ಲಿಯೂ ಇರುವುದು ಹತ್ತಿರಕ್ಕೆ ಕರೆದೊಯ್ಯುವ ಅರ್ಥವೇ. ಕಲಿಸುವುದಕ್ಕೆ ಮೊದಲು ಬಳಿಯಲ್ಲಿ ಇರಿಸಿಕೊಳ್ಳುವುದು ಎಂದು ನಮ್ಮ ಹಿರಿಯರು ತಿಳಿದಿದ್ದರು. ಆ ಪದಗಳನ್ನು ನಾನು ಸಾವಿರ ಬಾರಿ ವಿವರಿಸಿದ್ದೇನೆ. ಕಂಬದ ಹಿಂದೆ ಗೋಟಡಿಕೆ ಹುಡುಕುತ್ತಿದ್ದ ಆ ಅಂತೇವಾಸಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿರಲಿಲ್ಲ.

ತಮ್ಮನಿದ್ದುದರಿಂದ ಅಕ್ಕನಿಗೆ ಏನಾದರೂ ನಷ್ಟವಾಯಿತೆ? ಕಾಲದ ನಷ್ಟ ಆಗಿರಬಹುದು. ಆದರೆ ಒಂದು ದಿನ ಆಕೆ ಅವನಿಗೆ ಗೋಡೆಯ ಮೇಲಿನ ಅಕ್ಷರಮಾಲೆಯನ್ನು ತೋರಿಸಿ ಹೇಳಿಕೊಡುತ್ತಿದ್ದಳು. ‘ಋ’ ಎಂಬಲ್ಲಿಗೆ ಬಂದಾಗ ಮಾಣಿ ‘ರು’ ಎಂದನು. ಕೂಸು ಅವನನ್ನು ತಿದ್ದಹೋಗಿ, ತಡೆದು, ನನ್ನ ಕಡೆಗೆ ತಿರುಗಿ, ‘ಅಜ್ಜಾ, ಅವನು ಹೇಳಿದ್ದು ಹೇಗೆ ತಪ್ಪು? ನಾವೂ ರು ಎಂದೇ ಹೇಳುತ್ತೇವಲ್ಲ? ಹಾಗಾದರೆ ಇದು ಸ್ವರಗಳ ಸಾಲಿನಲ್ಲಿ ಯಾಕೆ ಕೂತಿದೆ?’ ಎಂದು ಕೇಳಿದಳು. ಪ್ರೌಢಶಾಲೆಯ ಯಾವ ವಿದ್ಯಾರ್ಥಿಯೂ ನನ್ನನ್ನು ಈ ಪ್ರಶ್ನೆ ಕೇಳಿದವನಲ್ಲ. ಸಂಸ್ಕೃತದಲ್ಲಿ ಅದು ನಾಲಗೆಯ ತುದಿ ಬಾಯಿಯ ಮಾಳಿಗೆಯ ಕಡೆಗೆ ಏರಿ, ಬೇರೊಂದು ಸ್ವರದ ಸಹಾಯವಿಲ್ಲದೆ ಉಚ್ಚರಿಸಲ್ಪಡುವ ಧ್ವನಿಯೆಂದೂ, ಕನ್ನಡದಲ್ಲಿ ನಾವು ಅದಕ್ಕೆ ಉಕಾರವನ್ನು ಸೇರಿಸಿಬಿಟ್ಟಿದ್ದೇವೆಂದೂ ತಿಳಿಸಿ, ಉಚ್ಚರಿಸಿ ತೋರಿಸಿದೆನು. ಅವಳು ಹಲವು ಸಲ ಪ್ರಯತ್ನಿಸಿದಳು. ಮಾಣಿ ಅವಳ ಬಾಯನ್ನೇ ನೋಡುತ್ತಿದ್ದು ಒಂದೇ ಸಲಕ್ಕೆ ನನ್ನಂತೆಯೇ ನುಡಿದುಬಿಟ್ಟನು! ತಾನು ಕಲಿಯುವಾಗ ಹೊಳೆಯದ ಸಂಶಯ ಇನ್ನೊಬ್ಬನಿಗೆ ಕಲಿಸುವಾಗ ಹೊಳೆಯುತ್ತದೆ. ಇದು ಉಪಾಧ್ಯಾಯರೆಲ್ಲರ ಅನುಭವ. ಏಳು ವರ್ಷಕ್ಕೇ ಆ ಅನುಭವವಾಗುವುದು ಭಾಗ್ಯವೆಂದೇ ಹೇಳಬೇಕು.

ಹಿರಿಯ ಮಗು ಕಿರಿಯದಕ್ಕೆ ಕಲಿಸುವ ಈ ಪದ್ಧತಿ ನಮ್ಮ ದೇಶದಿಂದ ಸಮುದ್ರವನ್ನು ದಾಟಿ ಹೋದ ಕಥೆಯೊಂದುಂಟು. ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಗೆ ಮುಖ್ಯಸ್ಥನಾದನು. ಅಲ್ಲಿಯ ಉಪಾಧ್ಯಾಯರಿಂದ ಅವನಿಗೆ ತೃಪ್ತಿಯಾಗಲಿಲ್ಲ. ನಮ್ಮ ನಾಟಿನ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಮರಳನ್ನು ಹರಡಿ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ತನ್ನ ಶಾಲೆಯಲ್ಲಿಯೂ ಹಾಗೆ ಮಾಡಿಸಿದನು; ಎಂಟು ವರ್ಷದ ಹುಡುಗನೊಬ್ಬನಿಗೆ ಚಿಕ್ಕವರಿಗೆ ಅಕ್ಷರ ಹೇಳಿಕೊಡುವ ಕೆಲಸವನ್ನು ವಹಿಸಿದನು. ಇಂಗ್ಲೆಂಡಿಗೆ ಹಿಂದಿರುಗಿ 1797ರಲ್ಲಿ ಇದನ್ನು ಪ್ರಕಟಿಸಿದ ಮೇಲೆ ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಅದು ಅಲ್ಲಿ ಹಬ್ಬಿತು. ನಮ್ಮ ಕೂಲಿಮಠಗಳಲ್ಲಿ ಅಯ್ಯನವರು ದೊಡ್ಡ ಹುಡುಗರಿಂದ ಸಣ್ಣವರಿಗೆ ಮಗ್ಗಿ ಹೇಳಿಸುತ್ತಿದ್ದುದೂ ಈ ಕ್ರಮವೇ. ಆ ಮಠಗಳಲ್ಲಿ ಬೆತ್ತಕ್ಕೂ ಕೋದಂಡಕ್ಕೂ ಬರವಿರಲಿಲ್ಲವೆಂಬುದನ್ನು ಮರೆತು ಹಳೆಯದನ್ನೆಲ್ಲ ಹೊಗಳುವವನಲ್ಲ ನಾನು.

ಜಗಲಿಯ ಪಾಠ ಹತ್ತೂವರೆಗೆ ಮುಗಿಯುತ್ತದೆ. ಆಮೇಲೆ ಮನೆಯೇ ಪಾಠ. ಜನವರಿಯೆಂದರೆ ಅಡಿಕೆಯ ಕೊಯ್ಲಿನ ಕಾಲ. ಕೊನೆಗಾರನು ಒಂದು ಮರವನ್ನೇರಿ, ಅಲ್ಲಿಂದಲೇ ಪಕ್ಕದ ಮರಕ್ಕೆ ಬಾಗಿ ದಾಟುವುದನ್ನು ನೋಡುತ್ತಿದ್ದರೆ ನಮ್ಮ ಉಸಿರು ನಿಲ್ಲುತ್ತದೆ. ಮಕ್ಕಳಿಗೆ ಅದು ನಿತ್ಯದ ನೋಟ. ಸಾಯಂಕಾಲ ಅಂಗಳದ ಚಪ್ಪರದಲ್ಲಿ ಹತ್ತು ಹನ್ನೆರಡು ಮಂದಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಾರೆ. ಸುಲಿದುದನ್ನು ಡಬ್ಬಿಯಲ್ಲಿ ಅಳೆದು, ಡಬ್ಬಿಗೆ ಇಷ್ಟೆಂದು ಕೂಲಿ. ಆ ಲೆಕ್ಕದ ಪುಸ್ತಕ ಕೂಸಿನ ಕೈಯಲ್ಲಿ. ತಂದೆಯು ಅಳೆದು ಸುರಿಯುವನು; ಅವಳು ಹೆಸರಿನ ಮುಂದೆ ಗೆರೆ ಎಳೆಯುವಳು; ಕೊನೆಗೆ ಗುಣಿಸಿ ಕೂಲಿಯನ್ನು ಬರೆಯುವಳು. ತಂದೆ ಮತ್ತೊಮ್ಮೆ ನೋಡಿಯೇ ಹಣ ಕೊಡುತ್ತಾನೆ. ಆದರೂ ತನ್ನ ಗೆರೆಯೊಂದು ತಪ್ಪಿದರೆ ಒಬ್ಬಾಕೆಯ ಕೂಲಿ ಕಡಿಮೆಯಾಗುವುದೆಂದು ಅವಳಿಗೆ ಗೊತ್ತು. ಪಾಠಪುಸ್ತಕದ ಲೆಕ್ಕವನ್ನು ಒಮ್ಮೆ ಮಾಡಿ ಎದ್ದುಹೋಗುವ ಹುಡುಗಿ ಇದನ್ನು ಮೂರು ಸಲ ಕೂಡುತ್ತಿದ್ದಳು.

ಮಾಣಿಗೂ ಅಲ್ಲಿ ಅಧಿಕಾರವುಂಟು. ಅಜ್ಜಿಯು ಸುಲಿಯುವ ಅಡಿಕೆಯನ್ನು ಅಳೆದಾಗ ಡಬ್ಬಿಗೊಂದರಂತೆ ಗೋಟನ್ನು ಸಾಲಿನಲ್ಲಿ ಇಡುವುದು ಅವನ ಕೆಲಸ. ‘ಒಂದು, ಎರಡು’ ಎಂಬ ಮಾತುಗಳು ಅವನ ಬಾಯಲ್ಲಿ ಹೇಗೆ ಬೇಕಾದರೂ ಬರುತ್ತವೆ. ಆದರೆ ಒಂದು ಡಬ್ಬಿಗೆ ಒಂದೇ ಗೋಟು ಎಂಬುದನ್ನು ಮಾತ್ರ ಅವನು ತಪ್ಪುವುದಿಲ್ಲ. ಎಣಿಕೆಯ ಮೂಲವೇ ಇದು. ಸಂಖ್ಯೆಗಳ ಹೆಸರು ಅನಂತರದ್ದು. ಒಂದು ಸಂಜೆ ಅಕ್ಕನ ಪುಸ್ತಕದಲ್ಲಿ ಏಳು ಗೆರೆ, ತಮ್ಮನ ಸಾಲಿನಲ್ಲಿ ಆರು ಗೋಟು. ಅಕ್ಕ ತನ್ನ ಪುಸ್ತಕವೇ ಸರಿಯೆಂದಳು. ತಮ್ಮನಿಗೆ ವಾದಿಸಲು ಮಾತಿಲ್ಲ, ಅಳುವುದಕ್ಕೆ ತೊಡಗಿದನು. ಅಜ್ಜಿ ಅವನ ಮುಷ್ಟಿಯನ್ನು ಬಿಡಿಸಿದಾಗ ಏಳನೆಯ ಗೋಟು ಅಲ್ಲಿತ್ತು. ಇಡುವುದಕ್ಕೆ ಮನಸ್ಸು ಬಂದಿರಲಿಲ್ಲ, ಅಷ್ಟೆ.

ಇಷ್ಟರವರೆಗಿನ ವರ್ಣನೆಯನ್ನು ಓದಿದವರು, ಹಾಗಾದರೆ ಮುಚ್ಚುವ ಮಾತೇಕೆ ಎಂದು ಕೇಳಬಹುದು. ತಾಯಿಯ ಮುಖವನ್ನು ನೋಡಿದವರಿಗೆ ಒಂದು ಕಾರಣ ಕಾಣುತ್ತದೆ. ಹೊಸ ಪಾಠವನ್ನು, ಮನಸ್ಸಿಟ್ಟು ಹೇಳಬೇಕಾದುದನ್ನು, ಆಕೆ ಮಾಣಿ ಮಧ್ಯಾಹ್ನ ಮಲಗಿದ ಒಂದೂವರೆ ಗಂಟೆಯಲ್ಲಿ ಹೇಳುತ್ತಾಳೆ. ಮನೆಯಲ್ಲಿ ಮಿಕ್ಕ ಹೆಂಗಸರು ಬೆನ್ನು ಚಾಚುವ ಹೊತ್ತೂ ಅದೇ. ರಾತ್ರಿ ಮರುದಿನದ ಪಾಠದ ಸಿದ್ಧತೆ. ಮನೆಪಾಠದ ವಿಷಯವನ್ನು ಉತ್ಸಾಹದಿಂದ ಆಡುವ ಗಂಡಸರು ಈ ಒಂದೂವರೆ ಗಂಟೆಯ ಲೆಕ್ಕವನ್ನು ಇಡುವುದಿಲ್ಲ. ನನ್ನ ಶಿಷ್ಯನು ಹಾಗಲ್ಲ; ಸಂಜೆಯ ಓದನ್ನು ತಾನು ವಹಿಸಿಕೊಂಡಿದ್ದಾನೆ. ಆದರೂ ಭಾರ ಸಮನಾಗಿ ಹಂಚಿದೆಯೆಂದು ಹೇಳಲಾರೆ.

ಇನ್ನೊಂದು ಕಾರಣ ನನಗೆ ತಿಳಿದುದು ಶಾಲ್ಮಲೆಯ ದಡದಲ್ಲಿ.

ಶಿರಸಿಯಿಂದ ಯಲ್ಲಾಪುರದ ಕಡೆಗೆ ಸುಮಾರು 17 ಕಿಲೋಮೀಟರು ಹೋದರೆ ಸಹಸ್ರಲಿಂಗವೆಂಬ ಕ್ಷೇತ್ರ. ದೇವಾಲಯವಿದ್ದೀತೆಂದು ಹೋದವನಿಗೆ ಕಾಣುವುದು ಕಾಡಿನ ನಡುವೆ ಹರಿಯುವ ಹೊಳೆ. ಹೊಳೆಯ ಪಾತ್ರದಲ್ಲಿರುವ ಬಂಡೆಗಳ ಮೇಲೆಯೇ ಲಿಂಗಗಳನ್ನು ಕೆತ್ತಿದ್ದಾರೆ. ಲಿಂಗದ ಎದುರಿಗೆ ನಂದಿ. 1678ರಿಂದ 1718ರವರೆಗೆ ಆಳಿದ ಸೋದೆಯ ಅರಸು ಸದಾಶಿವರಾಯನು ಇವನ್ನು ಮಾಡಿಸಿದನೆಂದು ಹೇಳುತ್ತಾರೆ. ಮಳೆಗಾಲದಲ್ಲಿ ಇವು ನೀರಿನೊಳಗೆ ಅಡಗುತ್ತವೆ. ಮಳೆ ನಿಂತು ಹೊಳೆ ಇಳಿದ ಮೇಲೆ ಒಂದೊಂದಾಗಿ ತಲೆಯೆತ್ತುತ್ತವೆ. ಅಭಿಷೇಕಕ್ಕೆ ಅರ್ಚಕನ ಅಗತ್ಯವಿಲ್ಲದ ದೇವರು! ನೀರು ಒಂದು ಲಿಂಗದ ನೆತ್ತಿಯನ್ನು ಸವರಿ, ಇನ್ನೊಂದರ ಸುತ್ತ ಸುಳಿದು, ಮುಂದಿನ ಬಂಡೆಯ ಸಂದಿನಲ್ಲಿ ಸಣ್ಣ ಧ್ವನಿ ಮಾಡಿಕೊಂಡು ಹೋಗುತ್ತದೆ. ಶಿಲ್ಪದ ಸೂಕ್ಷ್ಮತೆಯನ್ನು ಹುಡುಕಿ ಇಲ್ಲಿಗೆ ಬರಬೇಕಾಗಿಲ್ಲ. ಮನುಷ್ಯನ ಉಳಿಯ ಕೆಲಸವನ್ನು ನೀರು ಮುನ್ನೂರು ವರ್ಷಗಳಿಂದ ಹೇಗೆ ಮುಂದುವರಿಸಿದೆ ಎಂಬುದನ್ನು ನೋಡಬೇಕು.

ಎಲ್ಲರೂ ಹೋದೆವು. ‘ಸಾವಿರ ಇವೆಯೇ ನೋಡೋಣ’ ಎಂದು ತಂದೆ ಹೇಳಿದುದೇ ತಡ, ಕೂಸು ಎಣಿಸತೊಡಗಿದಳು. ಹತ್ತಾದೊಡನೆ ತಮ್ಮನ ಕೈಯಿಂದ ಒಂದು ಎಲೆಯನ್ನು ಬುಟ್ಟಿಗೆ ಹಾಕಿಸುವುದು. ಎಲೆಗಳನ್ನು ಎಣಿಸಿದರೆ ಹತ್ತುಗಳ ಲೆಕ್ಕ. ತಂದೆಯ ಹೆಗಲ ಮೇಲೆ ಕುಳಿತ ಮಾಣಿಗೆ ಲಿಂಗಗಳ ಗೊಡವೆಯಿಲ್ಲ. ‘ಬಸವ, ಬಸವ’ ಎಂದು ನಂದಿಗಳನ್ನು ತೋರಿಸುವುದೇ ಕೆಲಸ. ಆರು ಎಲೆಯಾಗಿದ್ದಿತು. ಆಗ ಬಯಲುಸೀಮೆಯ ಕಡೆಯಿಂದ ಪ್ರವಾಸ ಬಂದ ಶಾಲೆಯ ಮಕ್ಕಳ ಗುಂಪೊಂದು ಗದ್ದಲಮಾಡಿಕೊಂಡು ಇಳಿದುಬಂದಿತು. ಕೂಸು ಎಣಿಕೆಯನ್ನು ನಿಲ್ಲಿಸಿ ತಾಯಿಯ ಸೆರಗಿನ ಹಿಂದೆ ಸರಿದಳು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವ ಹುಡುಗಿ ಒಂದು ಮಾತೂ ಆಡಲಿಲ್ಲ. ನನ್ನ ಶಿಷ್ಯನು ನನ್ನ ಮುಖವನ್ನು ನೋಡಿದನು. ನಾನು ಹೊಳೆಯನ್ನು ನೋಡಿದೆ.

ಗುಂಪಿನಲ್ಲಿದ್ದ ಒಬ್ಬ ಹುಡುಗನಿಗೆ, ಅವನಿಗೂ ಅವಳಷ್ಟೇ ವಯಸ್ಸು, ಎಲೆಯ ಬುಟ್ಟಿಯ ಮೇಲೆ ಕುತೂಹಲವಾಯಿತು. ಏನೆಂದು ಕೇಳಿ ತಿಳಿದುಕೊಂಡು, ಅವಳು ಎಣಿಸಿದ ಬಂಡೆಯನ್ನೇ ತಾನೂ ಎಣಿಸಿ, ‘ನಿನ್ನ ಲೆಕ್ಕ ತಪ್ಪು, ಇಲ್ಲಿ ಇನ್ನೊಂದು ಐತಿ’ ಎಂದನು. ಅವನು ತೋರಿಸಿದ ಕಡೆ ಲಿಂಗವಿರಲಿಲ್ಲ; ಸವೆದ ಕಲ್ಲಿನ ಗುಬುಟು ಮಾತ್ರ ಇತ್ತು. ‘ಇದು ಲಿಂಗ ಅಲ್ಲ’ ಎಂದಳು ಕೂಸು, ಸೆರಗಿನಿಂದ ಈಚೆ ಬಂದು. ‘ಎದುರಿಗೆ ಬಸವಣ್ಣ ಅದಾನ ನೋಡು. ಲಿಂಗ ಇಲ್ಲದಿದ್ರ ಬಸವಣ್ಣ ಯಾಕ ಕುಂತಾನ?’ ಎಂದನು ಆ ಹುಡುಗ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ನ್ಯಾಯಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿದ್ದಿತು. ಕೂಸು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಲಿಂಗವೂ ಸವೆದು ಬಸವನೂ ಸವೆದುಹೋಗಿದ್ದರೆ?’ ಎಂದಳು. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಅರ್ಧ ಗಂಟೆಯ ಕಾಲ ಇಬ್ಬರೂ ಬಂಡೆಯಿಂದ ಬಂಡೆಗೆ ಜಗಳವಾಡುತ್ತ ಹೋದರು. ಅವರ ಉಪಾಧ್ಯಾಯರು ಸೀಟಿ ಊದಿದಾಗ ಎಣಿಕೆ ಎಲ್ಲಿಗೆ ನಿಂತಿತೋ ಇಬ್ಬರಿಗೂ ನೆನಪಿರಲಿಲ್ಲ. ಬುಟ್ಟಿಯ ಎಲೆಗಳನ್ನು ಮಾಣಿ ಹೊಳೆಗೆ ಬಿಟ್ಟಿದ್ದನು.

ಅಂದು ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಆ ಮಾತು ಬಂದಿತು. ‘ಇವಳಿಗೆ ಮನೆಯಲ್ಲಿ ಎಲ್ಲವೂ ಇದೆ. ತನ್ನ ಸಮಾನರಾದವರು ತಪ್ಪೆಂದು ಹೇಳುವುದು ಮಾತ್ರ ಇಲ್ಲ. ತಮ್ಮನು ಹೇಳಲಾರ, ನೀವು ಹೇಳಿದರೆ ಅದು ಹಿರಿಯರ ಮಾತಾಗುತ್ತದೆ. ಹಾಗೆ ಹೇಳುವವನೊಬ್ಬನು ಇವತ್ತು ಅವಳಿಗೆ ಹೊಳೆಯಲ್ಲಿ ಸಿಕ್ಕಿದನು’ ಎಂದು ನಾನು ಹೇಳಿದೆ. ತಾಯಿ ಬಹಳ ಹೊತ್ತು ಸುಮ್ಮನಿದ್ದಳು. ಊರಿನ ಶಾಲೆಯಲ್ಲಿ ಒಂಬತ್ತು ಮಕ್ಕಳಿದ್ದಾರೆ. ಅಲ್ಲಿಯ ಮಾಸ್ತರರು ಎರಡು ಸಲ ಮನೆಗೆ ಬಂದು, ‘ಕೂಸನ್ನು ಶಾಲೆಗೆ ಕೊಡಿ’ ಎಂದು ಹೆಣ್ಣು ಕೇಳುವವರಂತೆ ಕೇಳಿಹೋಗಿದ್ದರಂತೆ. ಮಕ್ಕಳು ಕಡಿಮೆಯಾದ ಶಾಲೆಗಳನ್ನು ಪಕ್ಕದ ಶಾಲೆಗೆ ವಿಲೀನಮಾಡುವುದು ಮಲೆನಾಡಿನಲ್ಲಿ ಎಲ್ಲರೂ ಬಲ್ಲ ಸಂಗತಿ. ತಮ್ಮ ಒಂದು ಮಗುವನ್ನು ಹಳ್ಳದಿಂದ ರಕ್ಷಿಸಹೋಗಿ ಉಳಿದ ಒಂಬತ್ತು ಮಕ್ಕಳ ಶಾಲೆಯನ್ನು ಕಳೆಯುತ್ತಿದ್ದೇವೆಯೋ ಎಂಬ ಸಂಕೋಚ ಆಕೆಗೆ ಮೊದಲಿನಿಂದಲೂ ಇತ್ತೆಂದು ಅಂದು ತಿಳಿಯಿತು.

ಕಾನೂನಿನ ಮಾತನ್ನೂ ಶಿಷ್ಯನು ಎತ್ತಿದನು. 2009ರ ಶಿಕ್ಷಣದ ಹಕ್ಕಿನ ಕಾಯಿದೆ 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯ. ಮನೆಪಾಠದ ಪ್ರಸ್ತಾಪವೇ ಅದರಲ್ಲಿ ಇಲ್ಲ. ಮನೆಯಲ್ಲಿಯೇ ಓದಿದ ಮಕ್ಕಳು 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆಗೆ ಕೂಡುವ ದಾರಿಯುಂಟು. ಅದಕ್ಕೆ ಹದಿನಾಲ್ಕು ವರ್ಷ ತುಂಬಬೇಕು. ಇದೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಅವನಿಗೆ ಹೇಳಿದುದು ಬೇರೆ. ನಮ್ಮ ಸರಕಾರೀ ಶಾಲೆಗಳ ‘ನಲಿ-ಕಲಿ’ ಎಂಬ ಕ್ರಮ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫಿನ ನೆರವಿನಿಂದ ಮೊದಲಾಯಿತು. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಅದರಲ್ಲಿ ಒಂದೇ ಕೋಣೆಯಲ್ಲಿ ಕುಳಿತು, ಗುಂಪುಗಳಾಗಿ, ಕಾರ್ಡುಗಳ ಸಹಾಯದಿಂದ ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತಾರೆ. ಬಲ್ಲವನು ಅರಿಯದವನಿಗೆ ತೋರಿಸಿಕೊಡುತ್ತಾನೆ. ನಿಮ್ಮ ಜಗಲಿಯ ಮೇಲೆ ಎರಡು ಚಾಪೆಗಳಲ್ಲಿ ನಡೆಯುತ್ತಿರುವುದೇ ಅಲ್ಲಿ ಇನ್ನಷ್ಟು ಚಾಪೆಗಳಲ್ಲಿ ನಡೆಯುತ್ತದೆ. ಕೂಸಿಗೆ ಅದು ಅನ್ಯಲೋಕವಾಗಲಾರದು ಎಂದೆನು.

ಆಗ ತಾಯಿ ಕೇಳಿದ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ‘ಅವಳು ಹೋಗಲಿ ಮಾಸ್ತರೇ, ಅದು ಸರಿ. ಮಾಣಿಗೇನು ಮಾಡುವುದು? ಇಷ್ಟು ದಿನ ಅವನಿಗೆ ನಾನು ಕಲಿಸಿದ್ದು ದಿನಕ್ಕೆ ಕಾಲು ಗಂಟೆ. ಮಿಕ್ಕದ್ದೆಲ್ಲ ಅವಳಿಂದ ಬಂದದ್ದು.’ ಈ ಮಾತಿಗೆ ನಾನು ಸಮಾಧಾನ ಹೇಳಲಿಲ್ಲ. ಆಕೆ ಹೇಳಿದುದು ನಿಜವಾಗಿತ್ತು. ತೋಟದ ಕಡೆಯಿಂದ ಜೀರುಂಡೆಯ ಶಬ್ದ ಬರುತ್ತಿತ್ತು, ಅಜ್ಜಿ ಒಳಗಿನಿಂದ, ‘ಮೂರು ತುಂಬಿದ ಮೇಲೆ ಅಂಗನವಾಡಿ ಉಂಟಲ್ಲ, ಅಲ್ಲಿಯವರೆಗೆ ನಾನಿಲ್ಲವೇ?’ ಎಂದಳು.

ಜುಲೈ ತಿಂಗಳಲ್ಲಿ ಶಿಷ್ಯನ ಕಾಗದ ಬಂದಿತು. ಕೂಸನ್ನು ಜೂನಿನಲ್ಲಿ ಊರಿನ ಶಾಲೆಗೆ ಸೇರಿಸಿದ್ದಾರೆ. ಹಾಜರಿಯಲ್ಲಿ ಅವಳದು ಹತ್ತನೆಯ ಹೆಸರು. ಬೆಳಗ್ಗೆ ತಂದೆ ಕೊಡೆ ಹಿಡಿದು ಎರಡು ಸಂಕಗಳನ್ನು ದಾಟಿಸಿ ಬರುತ್ತಾನೆ. ಹಳ್ಳ ಉಕ್ಕಿದ ದಿನ ರಜೆ. ಮೊದಲ ವಾರ ಅತ್ತಳು, ಎರಡನೆಯ ವಾರ ಯಾರೊಡನೆಯೋ ಜಗಳವಾಡಿ ಬಂದಳು, ಮೂರನೆಯ ವಾರದಿಂದ ಶನಿವಾರವೂ ಇಡೀ ದಿನ ಶಾಲೆ ಯಾಕಿಲ್ಲವೆಂದು ಕೇಳುತ್ತಿದ್ದಾಳೆ. ತಾಯಿಗೆ ಮಧ್ಯಾಹ್ನದ ಒಂದೂವರೆ ಗಂಟೆ ಬಿಡುವಾಗಿದೆ. ಮೊದಲ ಕೆಲವು ದಿನ ಆ ಹೊತ್ತಿನಲ್ಲಿ ಏನುಮಾಡಬೇಕೆಂದು ತಿಳಿಯದೆ ಕಪಾಟಿನ ಪುಸ್ತಕಗಳನ್ನೆಲ್ಲ ಒರೆಸಿಟ್ಟಳಂತೆ. ಬೆಳಗ್ಗೆ ಎಂಟಕ್ಕೆ ಮಾಣಿ ತಾನೇ ಎರಡು ಚಾಪೆಗಳನ್ನು ಎಳೆದುತಂದು ಹಾಸುತ್ತಾನೆ. ಕಾಲು ಗಂಟೆ ತಾಯಿಯ ತೊಡೆಯ ಮೇಲೆ ಕುಳಿತು, ಇಳಿದು, ತನ್ನ ಚಾಪೆಗೆ ಹೋಗಿ ಗೋಟುಗಳನ್ನು ಸಾಲಾಗಿ ಇಡುತ್ತಾನೆ. ಈಗ ಏಳರವರೆಗೆ ತಪ್ಪದೆ ಎಣಿಸುತ್ತಾನೆ. ಎಂಟನ್ನು ಹೇಳಬೇಕಾದವಳು ಸಂಜೆ ನಾಲ್ಕೂವರೆಗೆ ಬರುತ್ತಾಳೆಂದು ಅವನಿಗೆ ಗೊತ್ತಾಗಿರುವಂತಿದೆ ಎಂದು ನನ್ನ ಶಿಷ್ಯನು ಬರೆದಿದ್ದನು.